ಇಲ್ಲ ಎನ್ನದ ಮಾವನ ಪಾಪರ್ ಚೀಟಿ

ನನ್ನ ಸೋದರಮಾವ ದಿವಾಳಿಯಾದದ್ದು ಎರಡಕ್ಷರದ ಒಂದು ಮಾತಿನಿಂದ ಎಂದರೆ ನೀವು ನಂಬುವುದು ಕಷ್ಟ. ಜೂಜಲ್ಲ, ಕುದುರೆಯಲ್ಲ, ಕುಡಿತವಂತೂ ಅಲ್ಲವೇ ಅಲ್ಲ. ಬೀಡಿಯ ಹೊಗೆ ಕಂಡರೂ ಮೂಗಿಗೆ ವಲ್ಲಿ ಹಿಡಿಯುತ್ತಿದ್ದ ಶಿವಭಕ್ತರು ಅವರು. ಅವರನ್ನು ಮುಳುಗಿಸಿದ್ದು 'ಇಲ್ಲ' ಎಂಬ ಮಾತು. ಅದನ್ನು ಅವರು ಆಗಾಗ ಒಂದಿಷ್ಟು ಆಡಿದ್ದರೆ ಗುಂಡ್ಲುಪೇಟೆಯಲ್ಲಿ ಅವರ ಅಂಗಡಿ ಇವತ್ತಿಗೂ ಇರುತ್ತಿತ್ತು. ಆಡಲಿಲ್ಲ!

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವವನಲ್ಲ. ಮೈಸೂರಿನಲ್ಲಿ ಬಿ.ಎ. ಓದುವಾಗ ಶುರುಮಾಡಿದ ಡೈರಿ ಇದೆ. ನೆನಪು ಒಂದು ಹೇಳಿದರೆ ಅದು ಇನ್ನೊಂದು ಹೇಳುತ್ತದೆ. ಯಾವುದು ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತದೆ. ಮಾವನ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ ಎಂಬ ಒಂದು ಸಂಗತಿಯಲ್ಲಿ ಮಾತ್ರ ಎರಡಕ್ಕೂ ಜಗಳವಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಅಕ್ಕಿ ಮುಗಿದರೆ ಯಾರೂ 'ಅಕ್ಕಿ ಇಲ್ಲ' ಎನ್ನುವುದಿಲ್ಲ. 'ಅಕ್ಕಿ ತುಂಬಿದೆ' ಎನ್ನುತ್ತಾರೆ. ಹೊರಗಿನವರು ಕೇಳಿದರೆ ಈ ಮನೆಯವರು ಭಾರಿ ಕುಳ ಎಂದುಕೊಳ್ಳಬೇಕು. ಒಳಗಿನವರು ಕೇಳಿದರೆ ಚೀಲ ಹಿಡಿದು ಅಂಗಡಿಗೆ ಓಡಬೇಕು. ಎಲ್ಲರೂ ಈ ಶಾಸ್ತ್ರವನ್ನು ಅಕ್ಕಿಗೆ, ಎಣ್ಣೆಗೆ, ಅರಿಸಿನ ಕುಂಕುಮಕ್ಕೆ ಬಳಸಿ ಸುಮ್ಮನಾಗುತ್ತಾರೆ. ಮಾವ ಇಡೀ ಬದುಕಿಗೇ ಬಳಸಿದರು. ಪರವೂರಿನವರು ಬಂದು ಯಾರದೋ ಮನೆ ಕೇಳಿದರೆ 'ಗೊತ್ತಿಲ್ಲ' ಎನ್ನಲಾಗದೆ ತಾವೂ ಅವರ ಜೊತೆ ಹುಡುಕುತ್ತ ಹೊರಟುಬಿಡುತ್ತಿದ್ದರು. ಆ ಹೊತ್ತಿನಲ್ಲಿ ಅಂಗಡಿ ಯಾರು ನೋಡಿಕೊಳ್ಳುತ್ತಿದ್ದರು? ಶಿವನೇ ಇರಬೇಕು.

ಅಂಗಡಿಯೆಂದರೆ ಬಾಡಿಗೆಗೆ ಹಿಡಿದದ್ದು, ಮುಂದೆ ದಿನಸಿ, ಹಿಂದೆ ಮನೆ, ಮಧ್ಯೆ ಒಂದು ಗೋಣಿಪರದೆ. ಗಿರಾಕಿ ಬಂದು ಸಕ್ಕರೆ ಇದೆಯಾ ಎಂದು ಕೇಳಿದ ಅನ್ನಿ. ಡಬ್ಬ ಖಾಲಿ. ಮಾವ ನಗುನಗುತ್ತ "ಕೂತ್ಕಳಪ್ಪಾ" ಎಂದು ಹೇಳಿ, ಹಿಂಬಾಗಿಲಿನಿಂದ ಪಕ್ಕದ ಅಂಗಡಿಗೆ ಹೋಗಿ, ಅಲ್ಲಿಯ ಬೆಲೆಗೆ ಸಕ್ಕರೆ ಕೊಂಡು ತಂದು, ಅದಕ್ಕಿಂತ ಕಡಿಮೆ ಬೆಲೆಗೆ ಮಾರುತ್ತಿದ್ದರು. ಕಾಯಿಸಿದ್ದಕ್ಕೆ ಒಂದು ಚೂರು ಬೆಲ್ಲ ಬೇರೆ! ಇದು ಯಾವ ಅರ್ಥಶಾಸ್ತ್ರ ಎಂದು, ಅದನ್ನೇ ಓದುತ್ತಿದ್ದ ನಾನು ಒಮ್ಮೆ ಕೇಳಿದೆ.

"ಅಂಗಡೀಲಿ ಕುಂತ್ಕಂಡು ಆ ಮಾತ ಆಡ್ಬಾರ್ದು ಕಣ್ಲಾ ಅಳಿಯ. ಕೇಳುಸ್ಕಂಡ್ರೆ ಲಕ್ಷ್ಮಿ ಎದ್ದು ಪಕ್ಕದಂಗಡಿಗೆ ಓಗ್ಬುಡ್ತಾಳೆ" ಎಂದರು.

ಲಕ್ಷ್ಮಿ ಪಾಪ ಎದ್ದು ಹೋಗುವ ಕಷ್ಟವನ್ನೇ ತೆಗೆದುಕೊಳ್ಳಬೇಕಾಗಿರಲಿಲ್ಲ. ದಿನವೂ ಮಾವನೇ ಕೈಹಿಡಿದು ಬಿಟ್ಟು ಬರುತ್ತಿದ್ದರು.

ಊಟಿಗೆ ಹೋಗುವ ಕಾರುಗಳು ಪೇಟೆಯಲ್ಲಿ ನಿಲ್ಲುತ್ತಿದ್ದವು. ಒಂದು ಸಲ ಕಾರಿನವರೊಬ್ಬರು ಇಳಿದು, ಮೇಲೆ ಚಳಿಯಂತೆ, ಮಫ್ಲರ್ ಇದೆಯಾ ಎಂದರು. ದಿನಸಿ ಅಂಗಡಿಯಲ್ಲಿ ಮಫ್ಲರ್! ಮಾವ ಕೊರಳಿಗೆ ಸುತ್ತಿಕೊಂಡಿದ್ದನ್ನೇ ಬಿಚ್ಚಿ, ಕೊಡವಿ, ಮಡಿಸಿ ಕೊಟ್ಟರು. ಅತ್ತೆ ಹೆಣೆದ ಮಫ್ಲರ್ ಅದು. ಆ ಚಳಿಗಾಲವೆಲ್ಲ ಮಾವ ಕೆಮ್ಮಿದರು, ಅತ್ತೆ ಕಷಾಯ ಕಾಯಿಸಿದರು, ಮಫ್ಲರಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಅತ್ತೆಯ ತವರು ಬೇಗೂರು. ಆಗಾಗ ಬಸ್ಸು ಹತ್ತಿ ಹೋಗಿ, ಬರುವಾಗ ಅಕ್ಕಿ ಬೇಳೆ ಗಂಟು ತರುತ್ತಿದ್ದರು. ತಮ್ಮ ಹೆಂಡತಿಯ ತವರಿನವರು ಕೊಡುಗೈಯವರೆಂದು ಮಾವ ಊರೆಲ್ಲ ಹೊಗಳಿಕೊಂಡು ತಿರುಗುತ್ತಿದ್ದರು. ತಮ್ಮಂತೆಯೇ ಅವರೂ ಆ ಮಾತು ಆಡಿದವರಲ್ಲವಂತೆ.

ಸಾಲ ಕೇಳಿದವರಿಗೂ ಸಕ್ಕರೆಯದೇ ನ್ಯಾಯ. ಕೈಯಲ್ಲಿದ್ದರೆ ಕೊಡುವುದು, ಇರದಿದ್ದರೆ ಬೇರೆಯವರಿಂದ ತಂದು ಕೊಡುವುದು. ಹರವೆಯ ಸ್ನೇಹಿತನೊಬ್ಬ ಜಾಮೀನಿಗೆ ಸಹಿ ಕೇಳಿದಾಗಲೂ ಹಾಗೆಯೇ. ಸ್ನೇಹಿತ ಕಣ್ಮರೆಯಾದ, ಸಹಿ ಉಳಿಯಿತು. ಕೊನೆಗೆ ಆ ಸಾಲ ಕೊಟ್ಟಿದ್ದ ಸಂತೆಮರಹಳ್ಳಿಯ ಮಂಡಿ ಸಾಹುಕಾರರು ಕೋರ್ಟಿಗೆ ಹೋಗಿ ಡಿಕ್ರಿ ತಂದರು. ದುಡ್ಡು ಕಟ್ಟಬೇಕು, ಅಥವಾ ಮಾವ ಸಿವಿಲ್ ಜೈಲಿಗೆ ಹೋಗಬೇಕು. ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ: ನನ್ನಲ್ಲಿ ಏನೂ ಇಲ್ಲ ಎಂದು ಕೋರ್ಟಿನ ಮುಂದೆ ಹೇಳಿ ದಿವಾಳಿಯ ಅರ್ಜಿ ಹಾಕುವುದು. ಪೇಟೆಯ ಭಾಷೆಯಲ್ಲಿ ಪಾಪರ್ ಚೀಟಿ.

ನೋಡಿ ವಿಧಿಯನ್ನು. ಎಲ್ಲ ಬಿಟ್ಟು, ಆ ಮಾತನ್ನೇ, ಪ್ರಮಾಣ ಮಾಡಿ ಹೇಳಬೇಕು!

ಇಂಗ್ಲಿಷ್ ಬರುತ್ತದೆಂದು ನನ್ನನ್ನು ಜೊತೆಗಿಟ್ಟುಕೊಂಡು ಮಾವ ಚಾಮರಾಜನಗರಕ್ಕೆ ವಕೀಲರನ್ನು ಹುಡುಕಲು ಹೊರಟರು. ಮೊದಲನೆಯವರು ದೊಡ್ಡ ಹೆಸರಿನವರು. ಕಾಗದ ಎಳೆದುಕೊಂಡು, ಜಮೀನು ಇಲ್ಲ, ಮನೆ ಇಲ್ಲ, ಎತ್ತು ಗಾಡಿ ಇಲ್ಲ ಎಂದು ತಾವೇ ಹೇಳಿಕೊಂಡು ಬರೆಯತೊಡಗಿದರು. ಮಾವ ಎದ್ದೇಬಿಟ್ಟರು. ಹೊರಗೆ ಬಂದು, "ಬಾಯ್ಬುಟ್ರೆ ಅದೇ ಮಾತಲ್ಲಾ. ಇಂತವ್ರತ್ರ ಬಂದ್ರೆ ಕಕ್ಷಿದಾರ ಏಳಿಗೆ ಆದದ್ದುಂಟಾ?" ಎಂದರು. ದಿವಾಳಿಯಾಗಲು ಹೊರಟವರಿಗೆ ಏಳಿಗೆಯ ಚಿಂತೆ!

ಎರಡನೆಯವರು ಚುರುಕು. ಬಾಗಿಲು ಮುಂದಕ್ಕೆ ಮಾಡಿ, ಚಿನ್ನ ಗಿನ್ನ ಇದ್ದರೆ ಈಗಲೇ ಹೆಂಡತಿಯ ಹೆಸರಿಗೆ ದಾಟಿಸಿಬಿಡಿ ಎಂದು ಪಿಸುಗುಟ್ಟಿದರು. ಮಾವನಿಗೆ ಇದು ಅರ್ಥವೇ ಆಗಲಿಲ್ಲ. ಅವಳ ಕಾಸಿನ ಸರ ಹುಟ್ಟಿದಾಗಿನಿಂದ ಅವಳದೇ, ಟ್ರಂಕಿನಲ್ಲಿದೆ, ಬೀಗದ ಕೈ ಅವಳ ಸೊಂಟದಲ್ಲಿದೆ, ಅಂಗಡಿ ಮುಳುಗಿದರೂ ತಾನು ಅದನ್ನು ಮುಟ್ಟಿದವನಲ್ಲ, ಇನ್ನು ದಾಟಿಸುವುದು ಎಲ್ಲಿಂದ ಎಲ್ಲಿಗೆ ಎಂದು ಗಟ್ಟಿಯಾಗಿಯೇ ಕೇಳಿದರು. ವಕೀಲರು ಬಾಗಿಲು ತೆರೆದರು. ನಾವು ಹೊರಬಂದೆವು.

ಮೂರನೆಯವರ ಮನೆಯ ಹಲಗೆಯಲ್ಲಿ ಹೆಸರಿನ ಅರ್ಧ ಅಕ್ಷರಗಳು ಬಿಸಿಲಿಗೆ ಹೋಗಿದ್ದವು. ವಯಸ್ಸಾದ ಮನುಷ್ಯ. ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಕಥೆಯೆಲ್ಲ ಕೇಳಿ, ಒಳಕ್ಕೆ ತಿರುಗಿ ಎರಡು ಲೋಟ ಕಾಫಿ ಎಂದು ಕೂಗಿದರು. ಒಳಗಿನಿಂದ ಹೆಣ್ಣುದನಿ ಬಂತು.

"ಕಾಫಿಪುಡಿ ತುಂಬಿದೆ ಕಣ್ರೀ."

ವಕೀಲರು ಒಂದಿಷ್ಟೂ ಮುಖ ಕೆಡಿಸಿಕೊಳ್ಳದೆ, ಹಾಗಾದರೆ ಮಜ್ಜಿಗೆಯೇ ಆಗಲಿ ಎಂದರು. ಮಾವ ನನ್ನ ಮೊಣಕಾಲು ಹಿಂಡಿದರು. "ಇವ್ರೇ ಕಣ್ಲಾ."

ಬಸ್ ಸ್ಟ್ಯಾಂಡಿನ ದಾರಿಯುದ್ದಕ್ಕೂ ನಾನು ವಾದಿಸಿದೆ. ಮನೆಯಲ್ಲಿ ಕಾಫಿಪುಡಿಗೆ ಗತಿಯಿರದ ವಕೀಲ ಕೇಸು ಗೆಲ್ಲುತ್ತಾನೆಯೇ? ಮಾವ ನನ್ನನ್ನು ಕನಿಕರದಿಂದ ನೋಡಿದರು. "ಇದು ಗೆಲ್ಲೋ ಕೇಸಲ್ಲ ಕಣ್ಲಾ. ಅರ್ಥ ಆಗ್ಬೇಕಾದ ಕೇಸು." ಯೂನಿವರ್ಸಿಟಿಯಲ್ಲಿ ನನಗೆ ಇಂಥದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ವಕೀಲರ ತಾಳ್ಮೆಯನ್ನು ಏನೆಂದು ಹೇಳಲಿ! ಸಾಲ ಕೊಟ್ಟವರ ಪಟ್ಟಿ ಬರೆಯಲು ಕೂತರೆ, ಫೀಜು ಬಾಕಿಯಿರುವುದರಿಂದ ವಕೀಲರ ಹೆಸರೇ ಮೊದಲು ಬರಬೇಕೆಂದು ಮಾವ ಹಟ ಹಿಡಿದರು. ಪಾಪರ್ ಚೀಟಿಗೆ ಸರ್ಕಾರದ ಮೊಹರು ಇರುತ್ತದೆಯೇ, ಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಬಹುದೇ ಎಂದು ವಿಚಾರಿಸಿದರು. ಸಿವಿಲ್ ಜೈಲಿಗೆ ಹಾಕಿಸಿದವರೇ ಒಳಗಿರುವವನ ಊಟದ ಖರ್ಚು ಕಟ್ಟಬೇಕೆಂದು ವಕೀಲರು ಹೇಳಿದಾಗ ಮಾತ್ರ ಮಾವ ಬೆಚ್ಚಿದರು. "ಅವರಿಗೇ ಬಾಕಿ ಉಳುಸ್ಕಂಡು, ಅವರ ಕಾಸಲ್ಲೇ ಉಣ್ಣದಾ?" ಅವರಿಗೆ ಜೈಲಿಗಿಂತ ಆ ಊಟದ ಭಯವೇ ದೊಡ್ಡದಾಯಿತು.

ಸಾಲ ಕೊಟ್ಟವರಿಗೆಲ್ಲ ಕೋರ್ಟಿನಿಂದ ನೋಟೀಸು ಹೋಗುತ್ತದೆ ಎಂದಾಗ, ಪರಿಚಯಸ್ಥರಿಗೆ ಜವಾನನ ಕೈಲಿ ಹೇಳಿಕಳಿಸುವುದೇ ಎಂದು ಮಾವ ನೊಂದುಕೊಂಡರು. ವೀಳ್ಯದೆಲೆ ಅಡಿಕೆ ಕಟ್ಟಿಕೊಂಡು ಸಂತೆಯ ದಿನ ಸಂತೆಮರಹಳ್ಳಿಗೆ ಹೋಗಿ, ಮಂಡಿ ಸಾಹುಕಾರರ ಮುಂದೆ ಹಿಡಿದು, ಇಂಥ ದಿನ ನಮ್ಮ ದಿವಾಳಿ, ತಾವು ತಪ್ಪದೆ ಬರಬೇಕು ಎಂದು ಕರೆದು ಬಂದರು. ಸಾಹುಕಾರರು ವೀಳ್ಯ ತೆಗೆದುಕೊಳ್ಳಬೇಕೋ ಬೇಡವೋ ತಿಳಿಯದೆ ಬಹಳ ಹೊತ್ತು ಕೂತಿದ್ದರಂತೆ. ತೆಗೆದುಕೊಂಡರು. ಕೋರ್ಟಿಗೂ ಬಂದರು.

ಮಾವ ಅತ್ತೆಯನ್ನೂ ಕರೆತಂದಿದ್ದರು. ಇಂಥ ದಿನ ಮನೆಯಾಕೆ ಪಕ್ಕದಲ್ಲಿರಬೇಕಲ್ಲವೇ? ಅತ್ತೆ ಕೋರ್ಟಿನ ಹಿಂದಿನ ಬೆಂಚಿನ ಹತ್ತಿರ ಸೆರಗು ಹೊದ್ದು ನಿಂತರು.

ರಾಜ್ಯ ಒಂದಾದ ಹೊಸತು. ನ್ಯಾಯಾಧೀಶರು ಧಾರವಾಡದ ಕಡೆಯವರು. ಕೈಯಲ್ಲಿ ನಗದು ಏನಾದರೂ ಇದೆಯೇ ಎಂದು ಕೇಳಿದರು. ಮಾವ ಕೈಮುಗಿದು ನಿಂತರು.

"ತುಂಬಿದೆ ಸ್ವಾಮಿ."

"ತುಂಬೇದ ಅಂದಮ್ಯಾಲೆ ನೀವು ಇಲ್ಲಿಗ್ಯಾಕ ಬಂದೀರಿ?"

ಸಾಹುಕಾರರ ವಕೀಲರು ಹಲ್ಲು ಬಿಟ್ಟರು. ನಮ್ಮ ವಕೀಲರು ನಿಧಾನವಾಗಿ ಎದ್ದು, ಮಾವನಿಗೆ ಒಂದೇ ಪ್ರಶ್ನೆ ಹಾಕಿದರು: ಮನೆಯಲ್ಲಿ ಅಕ್ಕಿ ತುಂಬಿದ ದಿನ ಏನು ಮಾಡುತ್ತೀರಿ?

"ಚೀಲ ಹಿಡ್ಕಂಡು ಅಂಗಡಿಗೋಗಿ ತತ್ತೀನಿ ಸ್ವಾಮಿ."

ಕೋರ್ಟು ನಕ್ಕಿತು. ನ್ಯಾಯಾಧೀಶರೂ ನಕ್ಕರು. "ನಮ್ಮ ಮನ್ಯಾಗ 'ಹೆಚ್ಚೇದ' ಅಂತಾರ. ಆತು, ಬರಕೊಳ್ರಿ" ಎಂದು ಗುಮಾಸ್ತನ ಕಡೆ ಕೈ ಬೀಸಿದರು. ಹೀಗೆ ನಗದು ತುಂಬಿತು, ಜಮೀನು ತುಂಬಿತು, ಎತ್ತು ಗಾಡಿ ತುಂಬಿತು. ಮಾವ ಆ ಮಾತನ್ನು ಆಡದೆಯೇ ಗೆದ್ದರೆಂದು ನಾನು ಅಂದುಕೊಂಡೆ.

ಆಗ ಸಾಹುಕಾರರ ವಕೀಲರು ಎದ್ದು, ಹೆಂಡತಿಯ ಒಡವೆ ಏನಾಯಿತು ಎಂದು ಕೇಳಿದರು.

ಮಾವ ಬೆನ್ನು ನೆಟ್ಟಗೆ ಮಾಡಿದರು. "ಇದೆ" ಎಂದರು. "ಕಾಸಿನ ಸರ. ತವರಿನೋರು ಹಾಕಿದ್ದು. ಟ್ರಂಕಿನಲ್ಲಿದೆ. ನಾನು ಮುಟ್ಟಿದೋನಲ್ಲ."

ಅದು ಅಂಗಡಿಯ ದುಡ್ಡಿನಲ್ಲಿ ಮಾಡಿಸಿದ್ದು, ಬಚ್ಚಿಟ್ಟು ಅರ್ಜಿ ಹಾಕಿದ್ದಾರೆ, ಅರ್ಜಿ ತಳ್ಳಿಹಾಕಿ ಈ ಮನುಷ್ಯನನ್ನು ಜೈಲಿಗೆ ಕಳಿಸಬೇಕು, ಟ್ರಂಕನ್ನು ಇಲ್ಲಿಗೆ ತರಿಸಬೇಕು ಎಂದು ಆ ವಕೀಲರು ಒಂದೇ ಉಸಿರಿಗೆ ಹೇಳಿದರು. ನಗು ನಿಂತಿತು. ನಮ್ಮ ವಕೀಲರು ಉತ್ತರ ಕೊಡಲು ಏಳುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಅದು ಇಲ್ಲ ಸ್ವಾಮಿ."

ಮಾವ ತಿರುಗಿ ನೋಡಿದರು. ದೇವರ ಮನೆಯಲ್ಲಿ ಯಾರೋ ಬಯ್ದರೆ ನೋಡುವ ಹಾಗೆ.

ಎಲ್ಲಿ ಹೋಯಿತು ಎಂದು ನ್ಯಾಯಾಧೀಶರು ಮೆತ್ತಗೆ ಕೇಳಿದರು. ಅತ್ತೆ ನೆಲ ನೋಡುತ್ತ ಹೇಳಿದರು: "ಸರ ಅಂದ್ರೆ ಕಾಸೇ ತಾನೆ ಸ್ವಾಮಿ. ಮನೇಲಿ ಅಕ್ಕಿ ತುಂಬಿದಾಗೆಲ್ಲ ಒಂದೊಂದು ಬಿಚ್ಚಿದೆ. ಬೇಗೂರಿನ ಅಕ್ಕಸಾಲಿ ತಕ್ಕಂಡ. ತವರಿನ ಅಕ್ಕಿ ಅಂತ ಇವ್ರಿಗೆ ಹೇಳ್ತಿದ್ದೆ. ಈಗ ದಾರ ಒಂದು ಉಳಿದಿದೆ."

ಅರ್ಜಿ ಒಪ್ಪಿಗೆಯಾಯಿತು. ಜೈಲು ತಪ್ಪಿತು. ಹೊರಗೆ ಮರದ ಕೆಳಗೆ ಸಾಹುಕಾರರು ಮಾವನ ಹತ್ತಿರ ಬಂದರು. ತಮ್ಮ ಸಂಚಿಯಿಂದ ಎಲೆ ಅಡಿಕೆ ತೆಗೆದುಕೊಟ್ಟು ಹೋದರು. ಮಾವ ಅದನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಬಸ್ಸು ಹತ್ತಿದರು.

ಆ ದಿನದ ಡೈರಿ ನನ್ನ ಮುಂದಿದೆ. 'ಮಾವನ ಜೊತೆ ಕೋರ್ಟು. ವಿಪರೀತ ಬಿಸಿಲು. ಹೋಟೆಲಿನ ದೋಸೆ ಚೆನ್ನಾಗಿತ್ತು.' ಅಷ್ಟೇ. ಬಿ.ಎ. ಓದಿದವನಿಗೆ ಆ ದಿನ ಬರೆಯಲು ಸಿಕ್ಕಿದ್ದು ದೋಸೆ! ಆದ್ದರಿಂದ ಮುಂದಿನದಕ್ಕೆ ನೆನಪೊಂದೇ ಸಾಕ್ಷಿ. ನೀವು ಎಷ್ಟು ಬೇಕೋ ಅಷ್ಟೇ ನಂಬಿ.

ಸಂಜೆ ಅತ್ತೆ ಒಳಗೆ ಹೋದರು. ಅಕ್ಕಿಯ ಡಬ್ಬದ ಮುಚ್ಚಳ ತೆಗೆದ ಸದ್ದು, ಹಾಕಿದ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಡಬ್ಬ ಖಾಲಿಯಾದ ದಿನ ಆ ಸದ್ದಿನ ಹಿಂದೆ 'ತುಂಬಿದೆ' ಎಂಬ ಮಾತು ಬರುತ್ತಿತ್ತು. ಆ ಮಾತಿಗೆ ಬೆಲೆ ಏನೆಂದು ಅವತ್ತು ಮೂವರಿಗೂ ಗೊತ್ತಾಗಿತ್ತು. ಅತ್ತೆ ಅದನ್ನು ಹೇಗೆ ಹೇಳಿಯಾರು? ಹೇಳದೆ ಹೇಗೆ ಇದ್ದಾರು?

ಮಾವ ಎದ್ದರು. ಮೊಳೆಗೆ ನೇತುಹಾಕಿದ್ದ ಚೀಲ ತೆಗೆದುಕೊಂಡು, ಈ ಸಲ ಮುಂಬಾಗಿಲಿನಿಂದಲೇ ಇಳಿದು, ಪಕ್ಕದ ಅಂಗಡಿಯ ಮುಂದೆ ನಿಂತರು. ಅಲ್ಲಿ ನಾಲ್ಕಾರು ಗಿರಾಕಿಗಳಿದ್ದರು.

"ನಮ್ಮನೇಲಿ ಅಕ್ಕಿ ಇಲ್ಲ ಕಣಪ್ಪ" ಎಂದರು. "ಕಾಸೂ ಇಲ್ಲ."

ಆ ಅಂಗಡಿಯವನು ಮಾವನ ಮುಖ ನೋಡಿ ಸೇರು ಕೈಗೆತ್ತಿಕೊಂಡ.

ಅಷ್ಟು ಹತ್ತಿರ ನಿಂತವನಿಗೆ ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ. ಗೋಣಿಪರದೆ ದಾಟಿ ಅಡಿಗೆಮನೆಗೆ ಕೇಳಿಸಲೆಂದೇ ಮಾವ ದನಿ ಎತ್ತಿದರೋ, ಅಥವಾ ಇಷ್ಟು ವರ್ಷದಿಂದ ನೆನಪೇ ಅದನ್ನು ಎತ್ತುತ್ತಾ ಬಂದಿದೆಯೋ, ನಾನು ಹೇಳಲಾರೆ. ಒಳಗೆ ಅತ್ತೆ ಒಲೆಗೆ ಬೆಂಕಿ ಹಚ್ಚಿ, ಎಸರಿಗೆ ನೀರಿಟ್ಟದ್ದು ಮಾತ್ರ ನಿಜ.