ಮಾವನ ವಿಮಾನ, ಅತ್ತೆಯ ಕಣ್ಣು

ವೇಮಗಲ್‌ನಲ್ಲಿ ಸ್ವಂತ ವಿಮಾನ ಇಟ್ಟುಕೊಂಡಿರುವವರು ಒಬ್ಬರೇ ಒಬ್ಬರು, ಅವರು ನನ್ನ ಸೋದರಮಾವ! ಒಂದಲ್ಲ, ಬೀರುವಿನ ತುಂಬ ಇವೆ. ಯುದ್ಧವಿಮಾನ, ಪ್ರಯಾಣಿಕರ ವಿಮಾನ, ಸಾಮಾನು ಸಾಗಿಸುವ ಡೊಳ್ಳುಹೊಟ್ಟೆಯ ವಿಮಾನ. ಎಲ್ಲವೂ ಅಂಗೈ ಮೇಲೆ ಇಳಿಯುವಂಥವು. ನೀವು ನಗಬಹುದು. ಆದರೆ ಮಾವನ ಎದುರು ಅವನ್ನು ಆಟದ ಸಾಮಾನು ಎಂದುಬಿಡಬೇಡಿ, ಆಮೇಲೆ ನಿಮಗೆ ಕಾಫಿ ಸಿಗುವುದಿಲ್ಲ.

ಮಾವ ನರಸಾಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು, ಮುಖ ತೊಳೆದು, ಕನ್ನಡಕ ಏರಿಸಿ ಕೂತರೆಂದರೆ ಮುಗಿಯಿತು. ಪ್ಲಾಸ್ಟಿಕ್ ಚೂರುಗಳನ್ನು ಕತ್ತರಿಸುವುದು, ಉಪ್ಪುಕಾಗದದಲ್ಲಿ ಉಜ್ಜುವುದು, ಅಂಟಿಸಿ, ಒಣಗುವವರೆಗೆ ಉಸಿರು ಬಿಗಿಹಿಡಿದು ಕಾಯುವುದು. ಇಷ್ಟೆಲ್ಲ ಮಾಡಿದ ಮನುಷ್ಯ ಒಮ್ಮೆಯಾದರೂ ವಿಮಾನ ಹತ್ತಿದ್ದಾರೆಯೇ? ಖಂಡಿತ ಇಲ್ಲ! ಕೇಳಿದರೆ, "ಒಳಗೆ ಕೂತ್ಕೊಂಡ್ರೆ ವಿಮಾನ ಎಲ್ಲಮ್ಮ ಕಾಣ್ತದೆ?" ಎನ್ನುತ್ತಿದ್ದರು.

ಅತ್ತೆ ರೇಷ್ಮೆ ಹುಳು ಸಾಕುತ್ತಿದ್ದರು. ಮನೆಯ ಹಿಂದೆಯೇ ಹುಳುಮನೆ. ತಟ್ಟೆ ತುಂಬ ಸರಸರ ಸೊಪ್ಪು ಮೇಯುವ ಹುಳುಗಳ ನಡುವೆ ಸಪ್ಪಗೆ ಮಲಗಿದ ಒಂದೇ ಒಂದು ಹುಳುವನ್ನು ಬಾಗಿಲಲ್ಲಿ ನಿಂತೇ ಹಿಡಿದುಬಿಡುವ ಕಣ್ಣು ಅತ್ತೆಯದು. ಹುಳುಗಳಿಗೋ ಒಂದಿಷ್ಟು ಔಷಧಿಯ ವಾಸನೆಯೂ ಆಗದು. ಮಾವನಿಗೋ ಬಣ್ಣ, ತಿನ್ನರ್ ಇಲ್ಲದೆ ಕೈಯೇ ಓಡದು. ಇನ್ನು ಸಂಸಾರ ಹೇಗೆ ನಡೆಯಬೇಕು, ನೀವೇ ಹೇಳಿ! ಹುಳುಗಳು ಪೊರೆ ಬಿಡಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಜ್ವರಕ್ಕೆ ಕೂತಿದ್ದ ಹೊತ್ತಿನಲ್ಲಿ ಮಾವ ಒಮ್ಮೆ ತಿನ್ನರ್ ಬಾಟಲಿಯ ಮುಚ್ಚಳ ತೆರೆದರು. "ಏಮಂಡೀ, ಪಿಚ್ಚಾ ಮೀಕು?" ಎಂದು ಹುಳುಮನೆಯಿಂದ ಗುಡುಗು ಬಂತು. ಅತ್ತೆಯ ತವರು ಮುಳಬಾಗಿಲು. ಕೋಪ ನೆತ್ತಿಗೇರಿದರೆ ಬಾಯಲ್ಲಿ ತೆಲುಗು ಬಿಟ್ಟು ಬೇರೇನೂ ಬರುವುದಿಲ್ಲ. ನಿಮಗೇನು ಹುಚ್ಚಾ ಎಂಬ ಆ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಯಾರಿಗಿದೆ? ಮಾವ ವಿಮಾನವನ್ನು ಎದೆಗವಚಿಕೊಂಡು ಟೊಮೇಟೊ ತೋಟದ ಮೋಟಾರ್ ಶೆಡ್ಡಿಗೆ ನಡೆದರು.

ಪಕ್ಕದ ತೋಟದವರು ವಾಸನೆ ಹಿಡಿದು ಬಂದು ಇಣುಕಿ, "ಏನ್ಸಾರ್, ಟೊಮೇಟೊಗೆ ಔಷಧಿ ಹೊಡೀತಿದ್ದೀರಾ?" ಎಂದರು.

"ಇಲ್ಲಪ್ಪ, ವಿಮಾನಕ್ಕೆ!"

ಆಯುಧಪೂಜೆಯ ಕಥೆ ಕೇಳಿದರೆ ನಿಮಗೆ ಮಾವನ ಮೇಲೆ ಕನಿಕರ ಹುಟ್ಟುತ್ತದೆ. ಹೊಸದಾಗಿ ಫಳಫಳ ಹೊಳೆಯುವ ವಿಮಾನ ಮಾವನ ಪ್ರಕಾರ ಸುಳ್ಳು ವಿಮಾನ. ಹಾರಿ ಹಾರಿ ದಣಿದಂತೆ ಕಾಣಬೇಕು, ಇಂಜಿನ್ನಿನ ಹಿಂದೆ ಮಸಿ, ಚಕ್ರದ ಸುತ್ತ ಧೂಳು ಇರಬೇಕು. ದೀಪದ ಕಾಡಿಗೆ, ಪೆನ್ಸಿಲ್ ಸೀಸದ ಪುಡಿ, ಜರಡಿ ಹಿಡಿದ ಕೆಮ್ಮಣ್ಣು, ಎಲ್ಲವನ್ನೂ ಕೂದಲೆಳೆಯಂಥ ಬ್ರಷ್ಷಿನಲ್ಲಿ ಹಚ್ಚಿ ಹಚ್ಚಿ ಒಂದು ಯುದ್ಧವಿಮಾನವನ್ನು ಚೆನ್ನಾಗಿ ಕೊಳಕು ಮಾಡಿದ್ದರು. ಹಬ್ಬದ ದಿನ ಶಿಫ್ಟ್ ಮುಗಿಸಿ ಬಂದು ನೋಡುತ್ತಾರೆ, ಅತ್ತೆ ಸ್ಕೂಟರಿನ ಜತೆಗೆ ಅದನ್ನೂ ಸೋಪು ಹಾಕಿ ತೊಳೆದು, ರೆಕ್ಕೆಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚಕ್ರದಡಿಗೆ ನಿಂಬೆಹಣ್ಣು ತಳ್ಳಿದ್ದಾರೆ! ಪಾಪ, ನಿಂಬೆಹಣ್ಣೇ ದೊಡ್ಡದಾಗಿ ವಿಮಾನ ಅದರ ಮೇಲೆ ಹತ್ತಿ ಕೂತಿತ್ತು.

"ಆ ಕೊಳೆ ನಾನೇ ಹಚ್ಚಿದ್ದು ಕಣೇ!" ಮಾವ ತಲೆ ಚಚ್ಚಿಕೊಂಡರು.

"ಗಾಡಿಗೆ ಯಾರಾದ್ರೂ ಬೇಕೂಂತ ಕೊಳೆ ಹಚ್ತಾರಾ? ಹಬ್ಬದ ದಿನ ಸುಮ್ನಿರ್ರೀ."

ಮಾವನಿಗೆ ಬದುಕಿನಲ್ಲಿ ಒಂದೇ ಆಸೆ. ಅತ್ತೆ ನೋಡಿ, ಇದು ನಿಜವಾದ ವಿಮಾನ ಎಂದು ನಂಬುವಂಥ ಒಂದು ಫೋಟೊ ತೆಗೆಯಬೇಕು. ಊರೆಲ್ಲ ನಂಬಿದರೂ ಲೆಕ್ಕಕ್ಕಿಲ್ಲ, ಅತ್ತೆ ನಂಬಬೇಕು. ಅದಕ್ಕಾಗಿ ಬೆಳಗಿನ ಎಳೆ ಬಿಸಿಲಲ್ಲಿ ಟೆರೇಸಿನ ಮೇಲೆ ಬೋರಲು ಮಲಗಿ, ದೂರದ ಬೆಟ್ಟ ಹಿಂದೆ ಬರುವಂತೆ ವಿಮಾನ ನಿಲ್ಲಿಸಿ ಒದ್ದಾಡುತ್ತಿದ್ದರು. ಸೂರ್ಯನಿಗೆ ಸಾಷ್ಟಾಂಗ ನಮಸ್ಕಾರ ಮಾಡುವ ದೈವಭಕ್ತ ಎಂದು ಎದುರುಮನೆಯವರಿಗೆ ಇವರ ಮೇಲೆ ಬಹಳ ಗೌರವ! ಅತ್ತೆಯದು ಮಾತ್ರ ಒಂದೇ ನೋಟ, ಒಂದೇ ತೀರ್ಪು. "ರನ್‌ವೇ ಮೇಲೆ ಇರುವೆ ಹೋಗ್ತಾ ಐತೆ ನೋಡ್ರೀ, ವಿಮಾನದ ಚಕ್ರದಷ್ಟು ದಪ್ಪ!" ಇನ್ನೊಂದು ಸಲ, "ಮೋಡದಾಗೆ ಬಟ್ಟೆ ಕ್ಲಿಪ್ಪು ಯಾಕೆ ನೇತಾಡ್ತೈತೆ?" ರೀಲಿನ ಕ್ಯಾಮೆರಾ ಹೋಗಿ ಮೊಬೈಲ್ ಬಂದರೂ ಮಾವ ಸೋಲುತ್ತಲೇ ಇದ್ದರು. ಆ ಸೋಲುಗಳಿಗೆಲ್ಲ ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಗುತ್ತಿದ್ದ ಆ ಭಾನುವಾರಗಳು ಈಗಲೂ ನನಗೆ ಬೇಕು ಬೇಕೆನ್ನಿಸುತ್ತವೆ.

ಕಳೆದ ವರ್ಷ ಒಂದು ದಿನ ಮಾವನ ಫೋನು. "ಗೆದ್ದೆ ಕಣಮ್ಮ! ನಿಮ್ಮತ್ತೆ ಒಪ್ಕೊಂಡ್ಬಿಟ್ಳು!" ನಾನು ಮೈಸೂರುಪಾಕು ಕಟ್ಟಿಸಿಕೊಂಡು ಮಾಲೂರಿನಿಂದ ಬಸ್ಸು ಹತ್ತಿದೆ. ಹೋದರೆ ಮಾವನ ಕಾಲು ನೆಲದ ಮೇಲಿಲ್ಲ. ನನ್ನೆದುರು ಇನ್ನೊಮ್ಮೆ ಗೆಲ್ಲುವ ಹುಮ್ಮಸ್ಸಿನಲ್ಲಿ ಅತ್ತೆಯ ಮುಂದೆ ಮೊಬೈಲ್ ಹಿಡಿದರು. ಅವಸರದಲ್ಲಿ ಬೆರಳು ಜಾರಿ ಕೆಟ್ಟುಹೋದ ಹಳೆಯ ಫೋಟೊ ಬಂತು. ವಿಮಾನದ ಪಕ್ಕದಲ್ಲೇ ಕೆಂಪು ಬಕೆಟ್ಟು, ಅದರ ಮೇಲೆ ಒದ್ದೆ ಟವೆಲ್ಲು.

ಅತ್ತೆ ಹತ್ತಿರ ಹಿಡಿದರು, ದೂರ ಹಿಡಿದರು. "ಇದೂ ನಿಜದ್ದೇ ಕಣ್ರೀ," ಎಂದರು.

ನಾವಿಬ್ಬರೂ ನಗಲಿಲ್ಲ.

"ಲೇ, ನನ್ನ ಮುಖ ನೋಡು. ಕಾಣ್ತದಾ?" ಮಾವ ಅತ್ತೆಯ ಮುಂದೆ ಬಾಗಿದರು.

"ಕಾಣ್ತೈತೆ... ಹೊಗೆಯೊಳಗೆ ಇದ್ದಂಗೆ."

"ಯಾವಾಗಿಂದ?"

"ಹೇಳಿದ್ರೆ ಹುಳ ಬಿಟ್ಬಿಡು ಅಂತಿದ್ರಿ. ಅವು ಬಿಟ್ಟು ನಾನೇನ್ ಮಾಡ್ಲಿ?"

ಮೈಸೂರುಪಾಕಿನ ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ. ಮರುದಿನವೇ ಕೋಲಾರದ ಕಣ್ಣಾಸ್ಪತ್ರೆಗೆ ಹೋದೆವು. ಪೊರೆ ತುಂಬ ಬಲಿತಿದೆ, ತೆಗೆದ ಮೇಲೂ ಎಷ್ಟು ಕಾಣುತ್ತದೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಆಪರೇಷನ್ ನಡೆಯುವಾಗ ಮಾವ ಕಾರಿಡಾರಿನಲ್ಲಿ ಗೋಡೆ ನೋಡುತ್ತ ಕೂತಿದ್ದರು. ಅಷ್ಟು ಹೊತ್ತು ಅವರು ವಿಮಾನದ ಮಾತೆತ್ತದೆ ಇದ್ದದ್ದನ್ನು ನಾನು ಅದೇ ಮೊದಲು ಕಂಡದ್ದು. ನನಗೂ ಭಯವಾಗಿತ್ತು.

ಪಟ್ಟಿ ಬಿಚ್ಚಿದ ಮೇಲೆ ಮಾವ ಗೆದ್ದ ಫೋಟೊವನ್ನೇ ಅತ್ತೆಯ ಮುಂದೆ ಹಿಡಿದರು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಹೇಳೇ," ಎಂದರು ಮಾವ.

"ವಿಮಾನದ ಗಾಜಿನಾಗೆ ನಿಮ್ಮ ಬನಿಯನ್ನು ಕಾಣ್ತಾ ಐತಲ್ರೀ! ಭುಜದತ್ರ ಬೇರೆ ಹರಿದೋಗೈತೆ!"

"ಸೋತೆ ಕಣೇ! ಸೋತೆ!" ಎನ್ನುತ್ತ ಮಾವ ಎಲ್ಲರೆದುರೇ ಗಳಗಳನೆ ಅತ್ತುಬಿಟ್ಟರು. ಅತ್ತೆ ಮೊಬೈಲನ್ನು ಪಕ್ಕಕ್ಕಿಟ್ಟು ಅವರನ್ನೇ ನೋಡಿದರು. ಆಮೇಲೆ ಕೈ ಚಾಚಿ ಮಾವನ ತಲೆ ಸವರಿದರು.

"ಕೂದಲೆಲ್ಲ ಬೆಳ್ಳಗಾಗೋಗೈತಲ್ರೀ... ಯಾವಾಗಿಂದ?"