ಹಿಮಕ್ಕೆ ಹೊರಟ ಹತ್ತೊಂಬತ್ತು ಕಿಲೋ

ನನ್ನ ಸೋದರಮಾವನ ಕಣ್ಣಿಗೆ ಈ ಲೋಕದಲ್ಲಿ ಮನುಷ್ಯರೇ ಇರಲಿಲ್ಲ, ಇದ್ದದ್ದೆಲ್ಲ ಮೂಟೆಗಳು! ಹೀಗೆಂದರೆ ನೀವು ನಗುತ್ತೀರಿ. ನಾವೂ ನಕ್ಕವರೇ. ಮನೆಗೆ ನೆಂಟರು ಬಂದರೆ ಮಾವ ಮೊದಲು ಅವರನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡುತ್ತಿದ್ದರು. ಆಮೇಲೆ, "ಹೋದ್ಸಲಕ್ಕಿಂತ ಎಲ್ಡು ಸೇರು ಕಮ್ಮಿ ಆಗಿದ್ದೀರಲ್ಲ ಬೀಗ್ರೇ, ಜ್ವರ ಗಿರ ಬಂದಿತ್ತಾ?" ಎಂದು ಕೇಳುತ್ತಿದ್ದರು. ಬಂದಿರುತ್ತಿತ್ತು ಕೂಡ! ನನಗೆ ಹೆಣ್ಣು ನೋಡಲು ಹೊಳವನಹಳ್ಳಿಗೆ ಹೋಗಿಬಂದ ದಿನ ನಮ್ಮಮ್ಮ ಬಾಗಿಲಲ್ಲೇ ನಿಂತು, "ಹುಡ್ಗಿ ಹೆಂಗವ್ಳಣ್ಣ?" ಎಂದಳು. ಮಾವ ಚಪ್ಪಲಿ ಬಿಡುತ್ತ ಹೇಳಿದರು: "ನಾಕು ಮಣ. ಬಳೆ ಸೇರಿ."

ಮಾವ ಮಧುಗಿರಿಯ ಕಡಲೆಕಾಯಿ ಮಂಡಿಯಲ್ಲಿ ಮೂವತ್ತು ವರ್ಷ ತೂಕ ಹಾಕಿದವರು. ಮನೆಯ ಮುಂದಿನ ಹುಣಸೆಮರದ ಕೊಂಬೆಗೂ ಒಂದು ದೊಡ್ಡ ತಕ್ಕಡಿಯನ್ನು ತೂಗುಹಾಕಿದ್ದರು. ಕಬ್ಬಿಣದ ತೂಕದ ಕಲ್ಲುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಕೆಳಗೆ ಇಡುತ್ತಿದ್ದರು. ಅವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅತ್ತೆ ಒಮ್ಮೆ ಗೂಡು ಸಾರಿಸುವಾಗ ಒಂದನ್ನು ಸರಿಸಿದಳೆಂದು ಮೂರು ದಿನ ಅವಳೊಡನೆ ಮಾತುಬಿಟ್ಟಿದ್ದರು. "ಕೈ ಬೆವ್ರು ಹತ್ತಿದ್ರೆ ಕಲ್ಲು ಸುಳ್ಳಾಡ್ತದೆ ಕಣಮ್ಮ" ಎನ್ನುವುದು ಅವರ ವಾದ. ಅವರ ಕೈ ಬೆವರುವುದಿಲ್ಲವೇ ಎಂದು ಕೇಳುವ ಧೈರ್ಯ ಯಾರಿಗಿತ್ತು!

ಮಂಡಿಯಲ್ಲಿ ಒಂದು ಪದ್ಧತಿ ಇತ್ತು. ರೈತ ತಂದ ಪ್ರತಿ ಮೂಟೆಯ ತೂಕದಲ್ಲಿ ಕೊಳ್ಳುವವನು ಮೊದಲು ಒಂದು ಸೇರು, ಕಿಲೋ ಬಂದ ಮೇಲೆ ಒಂದು ಕಿಲೋ ಬಿಟ್ಟು ಬರೆಸುತ್ತಿದ್ದ. ಕೇಳಿದರೆ ಮಣ್ಣಿಗೆ, ಸಿಪ್ಪೆಗೆ, ತೇವಕ್ಕೆ ಎಂದು ಉತ್ತರ. ಹಾಗೆ ಪುಕ್ಕಟೆ ಹೋಗುವ ತೂಕಕ್ಕೆ ಕೊಸರು ಎಂದು ಹೆಸರು. ಆ ಕೊಸರನ್ನು ಮೂವತ್ತು ವರ್ಷ ತೆಗೆದದ್ದು ಮಾವನ ಕೈಯೇ. ಆದ್ದರಿಂದ ಅವರಿಗೆ ಒಂದು ಸತ್ಯ ಗಟ್ಟಿಯಾಗಿ ಗೊತ್ತಿತ್ತು: "ತಕ್ಕಡಿ ಯಾರ ಕೈಯಾಗೈತೋ, ಕೊಸ್ರು ಅವ್ರುದು."

ಇನ್ನು ಮುಂದೆ ನಾನು ನೋಡಿದ್ದನ್ನು ನೋಡಿದೆನೆಂದೂ, ಕೇಳಿದ್ದನ್ನು ಕೇಳಿದೆನೆಂದೂ ಬೇರೆಬೇರೆಯಾಗಿ ಹೇಳಬೇಕು.

ನೋಡಿದ್ದು ಇದು. ಚೀನಾ ಯುದ್ಧದ ವರ್ಷ ಮಾವನ ಮಗ, ಎಂದರೆ ನನಗೆ ಭಾವನಾಗಬೇಕು, ಸಿಪಾಯಿಯಾಗಿದ್ದವನು ರಜೆಯ ಮೇಲೆ ಊರಿಗೆ ಬಂದಿದ್ದ. ರಜೆ ಮುಗಿಯುವ ಮೊದಲೇ ತಂತಿ ಬಂತು. ಬೆಂಗಳೂರಿನಿಂದ ವಿಮಾನದಲ್ಲಿ ಬರಬೇಕು, ಒಬ್ಬನಿಗೆ ಇಪ್ಪತ್ತು ಕಿಲೋ ಸಾಮಾನು. ಮಂಡಿಗೆ ಆಗಷ್ಟೇ ಸೇರು ಹೋಗಿ ಕಿಲೋ ಬಂದಿತ್ತು. ಮಾವ ಹುಣಸೆಮರದ ತಕ್ಕಡಿಯಲ್ಲಿ ಮಗನ ಚೀಲವನ್ನು ತೂಗಿದರು. ಸರಿಯಾಗಿ ಇಪ್ಪತ್ತು ಬಂತು. ಭಾವ ಚೀಲ ಎತ್ತಿಕೊಳ್ಳಲು ಬಗ್ಗಿದ.

"ಇರಲೇ" ಎಂದರು ಮಾವ. "ಅಲ್ಲಿ ತೂಗೋರು ಅವ್ರು. ಇಲ್ಲಿ ಇಪ್ಪತ್ತಿದ್ರೆ ಅಲ್ಲಿ ಇಪ್ಪತ್ತೊಂದು ತೋರುಸ್ತದೆ. ಕೊಸ್ರು ನಾವೇ ಬುಟ್ಟು ಹೋಗ್ಬೇಕು."

ಚೀಲ ಬಿಚ್ಚಿ ಒಂದು ಕಿಲೋ ತೆಗೆದರು. ಆ ಒಂದು ಕಿಲೋದಲ್ಲಿ ಏನಿತ್ತೆಂದು ನಾನು ಈಗಲೂ ಹೇಳಬಲ್ಲೆ. ಅತ್ತೆ ಪಕ್ಕದ ಮನೆಯ ಟೀಚರಮ್ಮನಿಂದ ಹೆಣಿಗೆ ಕಲಿತು, ಬುಕ್ಕಾಪಟ್ಟಣದ ಕಡೆಯ ಕುರಿಯುಣ್ಣೆಯಲ್ಲಿ ಹೆಣೆದ ದಪ್ಪ ಕಾಲುಚೀಲ, ನಾಲ್ಕು ಜೊತೆ. ಮತ್ತು ಒಂದು ಉಣ್ಣೆಯ ಮಫ್ಲರು.

ಭಾವ ಹಿಂದಿರುಗಿದ್ದು ಐದು ತಿಂಗಳ ಮೇಲೆ, ಆಸ್ಪತ್ರೆಯಿಂದ. ಎಡಗಾಲಿನ ಐದೂ ಬೆರಳು ಇರಲಿಲ್ಲ. ಹಿಮ ಕಚ್ಚಿತಂತೆ. ಜಗಲಿಯ ಮೇಲೆ ಕೂತವನನ್ನು ಮಾವ ಕಾಲಿನ ವಿಚಾರ ಕೇಳಲಿಲ್ಲ. ಎದುರು ನಿಂತು, "ಅವತ್ತು ಏರೋಪ್ಲೇನಿನ ತಕ್ಕಡಿ ಎಷ್ಟು ತೋರುಸ್ತು?" ಎಂದರು.

"ಇಪ್ಪತ್ತು ಕಣಪ್ಪ. ಮುಳ್ಳು ಸರಿಯಾಗಿ ಇಪ್ಪತ್ತರ ಮ್ಯಾಲೆ ನಿಂತ್ಕಂತು."

"ನಂಗೊತ್ತಿತ್ತು. ಒಂದು ಕಿಲೋ ತಿಂದವ್ರೆ" ಎಂದು ಹೇಳಿ ಮಾವ ಮಂಡಿಗೆ ಹೊರಟುಹೋದರು.

ಇನ್ನು ಕೇಳಿದ್ದು. ಭಾವ ಕೊರಟಗೆರೆಯಲ್ಲಿ ಸೈಕಲ್ ಅಂಗಡಿ ಇಟ್ಟ. ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಪಂಕ್ಚರ್ ಹಾಕುತ್ತ, ತಲೆಯೆತ್ತದೆ ಹೇಳಿದ: "ಹತ್ತೊಂಬತ್ತು ತೋರುಸ್ತು ಕಣೋ. ಆ ತಕ್ಕಡಿ ಸಾಚಾ ಇತ್ತು. ಅಪ್ಪಂಗೆ ಗೊತ್ತಾಗ್ಬಾರ್ದು."

ಆ ಮಾತು ಬಂದದ್ದು ನನ್ನ ಪ್ರಯಾಣದ ದೆಸೆಯಿಂದ. ನಾನು ಆಗ ತುಮಕೂರಿನ ಒಂದು ಕಾಲೇಜಿನಲ್ಲಿ ಡ್ರಿಲ್ ಮೇಷ್ಟರು. ಕಾಶ್ಮೀರದಲ್ಲಿ ಒಂದು ತಿಂಗಳು ಹಿಮದ ಮೇಲೆ ಜಾರುವ ವಿದ್ಯೆ ಕಲಿತುಬರಲು ನನ್ನನ್ನು ಆರಿಸಿದ್ದರು. ಸರ್ಕಾರದ ಖರ್ಚು, ವಿಮಾನಯಾನ, ಇಪ್ಪತ್ತು ಕಿಲೋ ಸಾಮಾನು! ಅದೇ ವಿಮಾನ ನಿಲ್ದಾಣ. ಮಾವ ನನ್ನನ್ನು ಕಳಿಸಿಕೊಡಲು ತಾವೇ ಬರುವುದಾಗಿ ಸಾರಿದ್ದರು.

"ಅಪ್ಪನ್ನ ಆ ತಕ್ಕಡಿ ಹತ್ರ ಬುಡ್ಬೇಡ" ಎಂದ ಭಾವ. ನಾನು ಮಾತು ಕೊಟ್ಟೆ. ಮಾವನನ್ನು ತಕ್ಕಡಿಯಿಂದ ದೂರ ಇಡುವುದು! ಹಸುವನ್ನು ಹುಲ್ಲಿನ ಮೆದೆಯಿಂದ ದೂರ ಇಡುತ್ತೇನೆಂದು ಮಾತು ಕೊಟ್ಟಿದ್ದರೆ ಇನ್ನೂ ಸುಲಭವಿತ್ತು.

ನನಗೆ ಬಂದ ಪತ್ರದಲ್ಲಿ ತರಬೇಕಾದ ಸಾಮಾನಿನ ಪಟ್ಟಿ ಇತ್ತು. ಬೂಟು, ಕೋಟು, ಉಣ್ಣೆಯ ಕಾಲುಚೀಲ. ಕೊನೆಗೆ 'ಸ್ವಂತ ಸ್ಕೀ ಇದ್ದರೆ ತರಬಹುದು' ಎಂದು ಬರೆದಿತ್ತು.

"ಸ್ಕೀ ಅಂದ್ರೇನ್ಲಾ?"

"ಕಾಲಿಗೆ ಕಟ್ಟೋ ಉದ್ದದ ಹಲಗೆ ಮಾವ. ನಮ್ಮತ್ರ ಇಲ್ವಲ್ಲ, ಬುಡು. ಅಲ್ಲೇ ಕೊಡ್ತಾರೆ."

"ಕೊಡೋರು ಅವ್ರು, ಕಟ್ಕಳೋನು ನೀನು. ಅವ್ರು ಕೊಟ್ಟಿದ್ದು ಕಟ್ಕಂಡೇ ಒಬ್ಬ ಹೋಗಿದ್ದು ನೋಡಾಯ್ತಲ್ಲ" ಎಂದರು ಮಾವ. ಭಾವನ ಕಾಲಿಗೆ ಅಲ್ಲಿ ಕ್ಯಾನ್ವಾಸ್ ಬೂಟು ಕೊಟ್ಟಿದ್ದರು.

ಭಾವ ಅಲ್ಲಿನ ಹಿಮದ ಗುಡ್ಡದ ಮೇಲೆ ಆಫೀಸರುಗಳು ಸ್ಕೀ ಕಟ್ಟಿದ್ದನ್ನು ದೂರದಿಂದ ಕಂಡಿದ್ದ. ಇದ್ದಿಲಿನಲ್ಲಿ ಅಂಗಡಿಯ ನೆಲದ ಮೇಲೆ ಅದರ ಚಿತ್ರ ಬರೆದ. ಮಾವ ಅದನ್ನು ದಾರದಲ್ಲಿ ಅಳೆದುಕೊಂಡು ನನ್ನನ್ನೂ ಎಳೆದುಕೊಂಡು ಶಿರಾಕ್ಕೆ ಹೋದರು. ಅಲ್ಲಿ ಎತ್ತಿನ ಗಾಡಿ ಮಾಡುವ ಸಾಬರೊಬ್ಬರು ಮಾವನಿಗೆ ಹಳೆಯ ಪರಿಚಯ. ಅವರು ದಾರವನ್ನು ನೋಡಿದರು, ನನ್ನನ್ನು ನೋಡಿದರು, ಗಡ್ಡ ಕೆರೆದುಕೊಂಡರು.

"ಅರೆ ಯಜಮಾನ್ರೇ, ಗಾಡಿ ಕೇಳಿ, ಮಾಡ್ಕೊಡ್ತೀನಿ. ಇದುಕ್ಕೆ ಚಕ್ರ ಇಲ್ಲ, ಮೂಕಿ ಇಲ್ಲ. ಎತ್ತು ಎಲ್ಲಿ ಕಟ್ಟೋದು?"

ಮಾವ ಗಂಭೀರವಾಗಿ ನನ್ನ ಬೆನ್ನು ತಟ್ಟಿದರು. "ಎತ್ತು ಇವ್ನೇ."

ಮೊದಲ ಜೊತೆ ಜಾಲಿಮರದ್ದು. ಎರಡಕ್ಕೂ ಸೇರಿ ಹನ್ನೊಂದು ಕಿಲೋ! ಎತ್ತಿ ನಿಲ್ಲಿಸಲು ಇಬ್ಬರು ಬೇಕಾಯಿತು. ಎರಡನೆಯ ಜೊತೆಗೆ ಸಾಬರು ಬಾಗಿಲ ಚೌಕಟ್ಟಿಗೆಂದು ಇಟ್ಟಿದ್ದ ತೇಗ ತೆಗೆದರು. ತುದಿಯನ್ನು ನೆನೆಸಿ, ಬೆಂಕಿಗೆ ಹಿಡಿದು, ಮೇಲಕ್ಕೆ ಬಗ್ಗಿಸಿದರು. ಮಾವ ಪಕ್ಕದಲ್ಲೇ ಸಣ್ಣ ತಕ್ಕಡಿ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಉಜ್ಜುಗೊರಡಿನಿಂದ ಸುರುಳಿ ಸುರುಳಿಯಾಗಿ ಬೀಳುವ ಮರದ ತೆಳು ಚಕ್ಕೆಗಳನ್ನು ಆರಿಸಿ ಆರಿಸಿ ತೂಗಿದರು.

"ಇನ್ನೊಂದು ಛಟಾಕು ಕೆತ್ತಿ ಸಾಬ್ರೇ."

"ಇನ್ನೂ ಕೆತ್ತಿದ್ರೆ ಇದು ಹಲ್ಗೆ ಅಲ್ಲ, ಹಪ್ಪಳ ಆಗ್ತದೆ!"

"ಆಗ್ಲಿ. ಉಣ್ಣೆಗೆ ಜಾಗ ಬೇಕು."

ಸಾಬರು ಒಂದು ಗಳಿಗೆ ಕೈ ನಿಲ್ಲಿಸಿದರು. ಅವರಿಗೂ ಭಾವನ ಕಾಲಿನ ಸುದ್ದಿ ಗೊತ್ತಿತ್ತು. ಮತ್ತೆ ತಗಾದೆ ಮಾಡದೆ ಉಜ್ಜಿದರು. ಕೊನೆಗೆ ಐದೂವರೆ ಕಿಲೋಗೆ ನಿಂತಿತು.

ಪರೀಕ್ಷೆ ಮಾಡದೆ ಕಳಿಸುವುದುಂಟೇ? ಮಧುಗಿರಿಯಲ್ಲಿ ಹಿಮ ಎಲ್ಲಿಂದ ತರುವುದು? ಬೆಟ್ಟದ ಬಂಡೆಯ ಮೇಲಿಂದ ಜಾರು ಎಂದು ಮಾವ ಹೇಳಿದರು. ಆ ಬಂಡೆಯನ್ನು ಕಂಡವರಿಗೆ ನಾನು ಏಕೆ ಕೈಮುಗಿದೆನೆಂದು ಗೊತ್ತಾಗುತ್ತದೆ. ಎಣ್ಣೆ ಗಿರಣಿಯ ಹಿಂದೆ ಕಡಲೆಕಾಯಿ ಸಿಪ್ಪೆಯ ಗುಡ್ಡೆ ಇತ್ತು, ಎರಡಾಳು ಎತ್ತರ. ಕಾಲಿಗೆ ಹಲಗೆ ಕಟ್ಟಿಸಿಕೊಂಡು ಅದರ ನೆತ್ತಿಯಲ್ಲಿ ನಿಂತೆ. ಕಾಯಿ ಬಿಡಿಸುವ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದರು.

"ಅಯ್ಯೋ ನೋಡ್ರೇ, ಮೇಷ್ಟ್ರು ಕಾಲಿಗೆ ನೇಗ್ಲು ಕಟ್ಕಂಡವ್ರೆ!"

"ಬಿತ್ತನೆಗೆ ಬಂದವ್ರೆ ಕಣಕ್ಕ!"

ಪಾವಗಡದಿಂದ ಕಾಯಿ ತಂದಿದ್ದ ಗಾಡಿಯವನೊಬ್ಬ ಎತ್ತಿನ ಹಗ್ಗ ಬಿಗಿಹಿಡಿದು, "ಪಡತಾಡು, ಪಡತಾಡು!" ಎಂದು ಕೂಗಿದ. ಬೀಳ್ತಾನೆ ಅಂತ. ಬಿದ್ದೆ. ಎರಡು ಮಾರು ಜಾರಿ, ಸೊಂಟದವರೆಗೆ ಸಿಪ್ಪೆಯಲ್ಲಿ ಹೂತೆ. ಮಾವ ಓಡಿಬಂದು ನನ್ನನ್ನು ಎತ್ತಿ ನಿಲ್ಲಿಸಿದರು. ಹಲಗೆ ಮುರಿದಿದೆಯೇ ಎಂದು ನೋಡುತ್ತಾರೆ ಅಂದುಕೊಂಡೆ. ಅವರು ನನ್ನ ಎರಡೂ ಪಾದಗಳನ್ನು ಒತ್ತಿ ಒತ್ತಿ ನೋಡಿದರು. ಒಂದೊಂದು ಬೆರಳನ್ನೂ.

ಹೊರಡುವ ದಿನ ಬೆಳಿಗ್ಗೆ ಹುಣಸೆಮರದ ಕೆಳಗೆ ತೂಕ ಶುರುವಾಯಿತು. ಮೊದಲು ತಟ್ಟೆಗೆ ಬಿದ್ದದ್ದು ಉಣ್ಣೆಯ ಕಾಲುಚೀಲ. ಭಾವನ ಚೀಲದಿಂದ ಅಂದು ತೆಗೆದ ಅದೇ ನಾಲ್ಕು ಜೊತೆ. "ಇದು ಕೆಳ್ಗಿರ್ಲಿ. ಮಿಕ್ಕಿದ್ದು ಇದ್ರ ಮ್ಯಾಲೆ." ಸ್ಕೀ ಬಂತು, ಬಿದಿರಿನ ಕೋಲು ಬಂತು, ಬೂಟು, ಕೋಟು, ಟ್ರಂಕು ಬಂತು. ಒಟ್ಟು ಇಪ್ಪತ್ತನಾಲ್ಕು. ಟ್ರಂಕು ಹೋಯಿತು, ಅದರ ಬದಲು ಒಗೆದ ಗೋಣಿಚೀಲ. ಸೋಪನ್ನು ದಾರದಲ್ಲಿ ಕೊಯ್ದು ಅರ್ಧ ಮಾಡಿದರು. ನನ್ನ ಬಾಚಣಿಗೆಯನ್ನು ಪಟ್ಟನೆ ಮುರಿದರು.

"ಮಾವ!"

"ತಲೇಲಿ ಅರ್ಧ ಕೂದ್ಲಿಲ್ಲ, ಇಡೀ ಬಾಚಣ್ಗೆ ಯಾಕ್ಲಾ?"

ಇಪ್ಪತ್ತಕ್ಕೆ ಬಂತು. ಮಾವ ನಿಲ್ಲಿಸಲಿಲ್ಲ. ಎರಡು ಅಂಗಿ, ಅತ್ತೆ ಕಟ್ಟಿದ್ದ ಚಟ್ನಿಪುಡಿಯ ಡಬ್ಬಿ, ನನ್ನ ರೇಜರಿನ ಪೆಟ್ಟಿಗೆ ಕೆಳಗಿಳಿದವು. ಹತ್ತೊಂಬತ್ತಕ್ಕೆ ಬಂದಾಗ ಕೈ ಎತ್ತಿದರು. "ಕೊಸ್ರು ಅವ್ರಿಗೆ." ಜಗಲಿಯಲ್ಲಿ ಕೂತಿದ್ದ ಭಾವ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಮೂವರೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಮಾವನ ಹೆಗಲ ಮೇಲೆ ಹಳೆಯ ಕರಿಕಂಬಳಿ, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ತಿಂಡಿಯಿರಬೇಕೆಂದುಕೊಂಡೆ. ನಿಲ್ದಾಣದಲ್ಲಿ ಅವರನ್ನು ಹೊರಗೇ ಕೂರಿಸಲು ನಾನೂ ಭಾವನೂ ಮಾಡದ ಉಪಾಯವಿಲ್ಲ. ಕಾಫಿ ಎಂದೆವು, ವಿಮಾನ ತೋರಿಸುತ್ತೇವೆ ಎಂದೆವು. ಮಾವ ಗೋಣಿಚೀಲದ ಹಿಂದೆಯೇ ನಡೆದುಬಂದರು. ಗುಮಾಸ್ತನೊಬ್ಬ ಚೀಲವನ್ನು ತಟ್ಟೆಯ ಮೇಲಿಟ್ಟ. ಗಡಿಯಾರದಂಥ ದುಂಡು ಮುಖದಲ್ಲಿ ಮುಳ್ಳು ಓಡಿತು, ಅಲುಗಿತು, ನಿಂತಿತು.

ಹತ್ತೊಂಬತ್ತು.

ಮಾವ ಬಗ್ಗಿ ನೋಡಿದರು. ಗಂಟು ಬಿಚ್ಚಿದರು. ಒಳಗಿದ್ದದ್ದು ಐದು ಕಿಲೋದ ಕಲ್ಲು, ಸರ್ಕಾರದ ಮೊಹರು ಒತ್ತಿದ್ದು. "ಸ್ವಾಮಿ, ಇದೊಂದ್ಸಲ ಇಡ್ತೀನಿ" ಎಂದು ಚೀಲ ಇಳಿಸಿ ಕಲ್ಲನ್ನು ಇಟ್ಟರು. ಗುಮಾಸ್ತ ಬೆರಗಾಗಿ ಪಕ್ಕಕ್ಕೆ ಸರಿದ. ಮುಳ್ಳು ಐದರ ಮೇಲೆ ನಿಂತಿತು. ಒಂದು ಕೂದಲಿನಷ್ಟೂ ಆಚೆಗಿಲ್ಲ, ಈಚೆಗಿಲ್ಲ.

ಮಾವ ತಿರುಗದೆಯೇ ಕೇಳಿದರು. "ಅವತ್ತೂ ಇದೇನಾ?"

"ಇಲ್ಲ ಕಣಪ್ಪ" ಎಂದ ಭಾವ ಬೇಗನೆ. "ಇದು ಹೊಸ್ದು. ಅವತ್ತಿಂದು ಬ್ಯಾರೆ ಇತ್ತು."

ಮಾವ ತಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲಿ ಬಣ್ಣ ಸವೆದು ಕಬ್ಬಿಣ ನುಣುಪಾಗಿ ಹೊಳೆಯುತ್ತಿತ್ತು. ಹತ್ತು ವರ್ಷದ ಸವೆತ. ನನಗೇ ಕಾಣುತ್ತಿತ್ತು, ಮೂವತ್ತು ವರ್ಷ ತಕ್ಕಡಿ ಹಿಡಿದವರಿಗೆ ಕಾಣದೆ?

"ಊಂ" ಎಂದರು. "ಹೊಸ್ದೇ ಇರ್ಬೇಕು."

ಚೀಲವನ್ನು ಮತ್ತೆ ತಟ್ಟೆಗೆ ಎತ್ತಿಟ್ಟರು. ಹೆಗಲ ಮೇಲಿನ ಕಂಬಳಿ ತೆಗೆದು, ಮಡಿಸಿ, ಅದರ ಮೇಲಿಟ್ಟರು. ಮುಳ್ಳು ಇಪ್ಪತ್ತನ್ನು ದಾಟಿ ಅರ್ಧ ಕಿಲೋ ಮುಂದೆ ಹೋಯಿತು. ಮಾವ ಗಾಬರಿಯಿಂದ ಕಂಬಳಿಗೆ ಕೈಹಾಕಿದರು.

"ಇರ್ಲಿ ಬಿಡಿ ಯಜಮಾನ್ರೇ" ಎಂದ ಗುಮಾಸ್ತ ಚೀಟಿ ಬರೆಯುತ್ತ. "ಅರ್ಧ ಕಿಲೋ, ಒಂದು ಕಿಲೋ ನಾವೇ ಬಿಡ್ತೀವಿ."

"ಯಾವಾಗ್ಲೂನಾ?"

"ಯಾವಾಗ್ಲೂ."

ಅವನು ಒಳ್ಳೆಯ ಮನುಷ್ಯ. ಒಳ್ಳೆಯ ಮಾತೆಂದೇ ಅದನ್ನು ಆಡಿದ.

ಆ ಸ್ಕೀಗಳ ಗತಿಯನ್ನೂ ಹೇಳಿಬಿಡುತ್ತೇನೆ. ಕಾಶ್ಮೀರದಲ್ಲಿ ಅವನ್ನು ಕಂಡ ಶಿಕ್ಷಕರು ಬಹಳ ಹೊತ್ತು ನಕ್ಕರು, ಆಮೇಲೆ ಒಂದು ಜೊತೆ ಬೇರೆಯದನ್ನು ಕೊಟ್ಟರು. ಉಣ್ಣೆಯ ಕಾಲುಚೀಲಗಳನ್ನು ಕಂಡು ಮಾತ್ರ ಯಾರೂ ನಗಲಿಲ್ಲ. ನಾನು ಹತ್ತು ಬೆರಳುಗಳೊಡನೆ ಊರಿಗೆ ಬಂದೆ.

ಆದರೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿರುವುದು ಹಿಮವಲ್ಲ. ಬೇಲಿಯಾಚೆ, ವಿಮಾನದ ಕಡೆಗೆ ನಡೆಯುತ್ತ ನಾನೊಮ್ಮೆ ತಿರುಗಿ ನೋಡಿದೆ. ಮಾವ ಕಲ್ಲನ್ನು ಬಟ್ಟೆಯಲ್ಲಿ ಸುತ್ತಲು ಹೋಗಿ, ಗಂಟು ಹಾಕಲಾಗದೆ ನಿಂತಿದ್ದರು. ಭಾವ ಕುಂಟುತ್ತ ಹತ್ತಿರ ಹೋದ. ಏನೋ ಹೇಳಿ ಕೈ ಚಾಚಿದ. ಹೆಂಡತಿಗೂ ಮುಟ್ಟಗೊಡದ ಕಲ್ಲನ್ನು ಮಾವ ಎರಡೂ ಕೈಯಿಂದ ಎತ್ತಿ ಮಗನ ಕೈಗಿಟ್ಟರು. ಭಾವ ಅದನ್ನು ಕಂಕುಳಿಗೆ ಸೇರಿಸಿಕೊಂಡ. ಇಬ್ಬರೂ ಬಸ್ಸಿನ ಕಡೆ ಹೊರಟರು. ಮಾವ ಮಗನ ಎಡಗಾಲಿನ ಪಕ್ಕದಲ್ಲಿ, ಅದರ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಗಿಡ್ಡ ಮಾಡಿಕೊಂಡು ನಡೆಯುತ್ತಿದ್ದರು.