ಶಾಸಕರು ಸಲ್ಲಿಸಿದ ಶ್ರದ್ಧಾಂಜಲಿ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಊರಿನವರು ಎರಡು ಕೆಲಸ ಕಾದಿರಿಸಿರುತ್ತಾರೆ. ಒಂದು, ಲಗ್ನಪತ್ರಿಕೆಯ ಕಾಗುಣಿತ ತಿದ್ದುವುದು. ಇನ್ನೊಂದು, ಸತ್ತವರ ಬಗ್ಗೆ ಒಳ್ಳೆಯ ಮಾತು ಬರೆದುಕೊಡುವುದು. ನಾನು ಇದಕ್ಕಿಂತ ಒಂದು ಮೆಟ್ಟಿಲು ಮೇಲೇರಿದವನು. ನಮ್ಮ ಶಾಸಕರು ಮತದಾರರಿಗೆಂದು ತಿಂಗಳು ತಿಂಗಳು ಹಂಚಿಸುವ ‘ಕ್ಷೇತ್ರ ಸಮಾಚಾರ’ವನ್ನು ಬರೆಯುವವನು ನಾನೇ. ಮೊದಲ ಪುಟದಲ್ಲಿ ಜಯಂತಿ, ಪುಣ್ಯಸ್ಮರಣೆ, ಶಾಸಕರು ಹಾರ ಹಾಕುತ್ತಿರುವ ಫೋಟೊಗಳು. ಫೋಟೊಗಳಲ್ಲಿ ಮಹನೀಯರು ಬದಲಾಗುತ್ತಿರುತ್ತಾರೆ, ಶಾಸಕರು ಬದಲಾಗುವುದಿಲ್ಲ. ಒಳಪುಟದಲ್ಲಿ ನೀತಿ ನಿಲುವುಗಳು. ಅಲ್ಲಿ ಎಲ್ಲವನ್ನೂ ಸದಾ ಗಂಭೀರವಾಗಿ ಪರಿಶೀಲಿಸಲಾಗುತ್ತಿರುತ್ತದೆ. ಮಿಕ್ಕಿದ್ದು ಸ್ಥಳೀಯ ಸುದ್ದಿ. ಅಗೆದು ಬಿಟ್ಟ ಬೀದಿಗೆ ‘ಅಭಿವೃದ್ಧಿಯ ಹಂತದಲ್ಲಿರುವ ರಸ್ತೆ’ ಎಂದೂ, ನಲ್ಲಿಯಲ್ಲಿ ಬಾರದ ನೀರಿಗೆ ‘ನಿರೀಕ್ಷಿತ ನೀರು’ ಎಂದೂ ಹೆಸರಿಟ್ಟವನು ನಾನು. ಅಷ್ಟು ವರ್ಷ ಅಲಂಕಾರ ಪಾಠ ಮಾಡಿದ್ದು ವ್ಯರ್ಥವಾಗಲಿಲ್ಲ.

ಚಾಮರಾಜಪುರಂನ ನಮ್ಮ ಮನೆಯ ಹಿಂದಿನ ಅಡ್ಡರಸ್ತೆಯಲ್ಲಿ ಪುಟ್ಟಸ್ವಾಮಿಗೌಡರು ಎಂಬ ನಿವೃತ್ತ ಡ್ರಿಲ್ ಮೇಷ್ಟ್ರಿದ್ದಾರೆ. ಅವರ ರಸ್ತೆಯನ್ನು ಒಳಚರಂಡಿಗೆಂದು ಅಗೆದವರು ಮುಚ್ಚುವುದನ್ನು ಮರೆತಿದ್ದರು. ಮೇಷ್ಟ್ರು ಸೋಮವಾರ ಬಂತೆಂದರೆ ಬಿಳಿ ಪ್ಯಾಂಟು ತೊಟ್ಟು ಶಾಸಕರ ಕಚೇರಿಗೆ ಹೋಗಿ, ಬಾಗಿಲಲ್ಲಿ ಅಟೆನ್ಷನ್‌ನಲ್ಲಿ ನಿಂತುಬಿಡುತ್ತಿದ್ದರು. ಕೂಗಾಟವಿಲ್ಲ, ಜಗಳವಿಲ್ಲ. ನಿಲ್ಲುವುದು ಅಷ್ಟೇ. ಶಾಸಕರ ಆಪ್ತ ಸಹಾಯಕ ಮಹದೇವ ಅವರನ್ನು ಕಂಡರೆ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದ.

ಒಂದು ದಿನ, ಪತ್ರಿಕೆ ಅಚ್ಚಿಗೆ ಹೋಗುವ ಗಡಿಬಿಡಿಯಲ್ಲಿ, ಮಹದೇವನ ಫೋನು ಬಂತು. ಮೊದಲ ಪುಟದಲ್ಲಿ ಒಂದು ಜಾಗ ಖಾಲಿ ಉಳಿದಿದೆ ಎಂದ. ಹಾಗೇ ಮಾತಿನ ನಡುವೆ, “ನಿಮ್ಮ ಡ್ರಿಲ್ ಮೇಷ್ಟ್ರು ಹೋಗ್ಬುಟ್ರು ಸಾರ್, ಪಾಪ, ಧೂಳಿಗೆ ಕೆಮ್ಮು ಜಾಸ್ತಿಯಾಗಿತ್ತಂತೆ” ಎಂದ. ಖಾಲಿ ಜಾಗಕ್ಕೂ ಆ ಸುದ್ದಿಗೂ ದೇವರೇ ಗಂಟು ಹಾಕಿದ್ದಾನೆ ಅನ್ನಿಸಿತು ನನಗೆ. ಕೂತಲ್ಲೇ ಶ್ರದ್ಧಾಂಜಲಿ ಬರೆದೆ. ‘ಶಿಸ್ತೇ ಮೈವೆತ್ತ ಸಿಪಾಯಿ’, ‘ಮೌನವಾದ ಸೀಟಿ’ ಎಂದೆಲ್ಲ ಬರೆಯುತ್ತ ನನ್ನ ಕಣ್ಣೇ ಒದ್ದೆಯಾಯಿತು. ಮೇಷ್ಟ್ರು ಹೋದದ್ದಕ್ಕಿಂತ ವಾಕ್ಯ ಚೆನ್ನಾಗಿ ಬಂದದ್ದಕ್ಕೆ. ಓದಿದ ಶಾಸಕರೂ ಕರಗಿಹೋಗಿ ಸ್ವಂತದ್ದೊಂದು ಸಾಲು ಸೇರಿಸಿದರು: ಅಗಲಿದ ಹಿರಿಯರ ನೆನಪಿಗೆ ಅವರ ರಸ್ತೆಗೆ ಕೂಡಲೇ ಡಾಂಬರು ಹಾಕಿಸಿ ಅವರ ಹೆಸರನ್ನೇ ಇಡಲಾಗುವುದು. ಚುನಾವಣೆ ಹತ್ತಿರವಿದ್ದಾಗ ಹೃದಯ ಬೇಗ ಕರಗುತ್ತದೆ.

ಪತ್ರಿಕೆ ಮನೆಮನೆಗೆ ಹಂಚಿದ ಮೇಲೆ ನನ್ನ ಹೆಂಡತಿ ಸರೋಜ ಅದನ್ನು ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. ಮೇಷ್ಟ್ರು ಹೋಗಿರುವುದು ಇಲವಾಲದ ಮಗಳ ಮನೆಗೆ, ನಿನ್ನೆ ತಾನೇ ಅವರ ಮಗಳ ಹತ್ತಿರ ಮಾತಾಡಿದೆ ಎಂದಳು. ನನಗೆ ಕುರ್ಚಿ ಸಮೇತ ಪಾತಾಳಕ್ಕಿಳಿದ ಹಾಗಾಯಿತು. ಇಲವಾಲಕ್ಕೆ ಫೋನು ಮಾಡಿದರೆ, ದಿವಂಗತರೇ ಎತ್ತಿಕೊಂಡರು. ಬೆಳಗಿನಿಂದ ತಮ್ಮ ಸಾವಿನ ವಿಚಾರಣೆಗೆ ಬಂದ ಕರೆಗಳನ್ನೆಲ್ಲ ಮಗಳೇ ಹೌದೂ ಎನ್ನದೆ, ಅಲ್ಲವೂ ಎನ್ನದೆ ನಿಭಾಯಿಸಿದಳಂತೆ. ನಾನು ತೊದಲುತ್ತ ಕ್ಷಮೆ ಕೇಳಿ, ತಿದ್ದುಪಡಿ ಹಾಕಿಸುತ್ತೇನೆ ಎಂದೆ.

 ಮೇಷ್ಟ್ರು ಶಾಂತವಾಗಿ, “ಬ್ಯಾಡಿ ಸ್ವಾಮಿ. ಬದುಕಿದ್ದಾಗ ಅಷ್ಟು ಅಲೆದೆ, ಒಂದು ಬಾಂಡ್ಲಿ ಜಲ್ಲಿ ಬರ್ಲಿಲ್ಲ. ಡಾಂಬರು ಬೀಳೋಗಂಟ ನಾನು ಸತ್ತೇ ಇರ್ತೀನಿ, ಬುಡಿ” ಎಂದರು.

ಹಾಗೆ ಶುರುವಾಯಿತು ನನ್ನ ಸಂಕಟ. ಅತ್ತ ರಸ್ತೆಗೆ ಜಲ್ಲಿ ಬಂತು, ರೋಲರ್ ಬಂತು, ಮೇಷ್ಟ್ರ ಸಾವು ದಿನದಿನಕ್ಕೂ ಗಟ್ಟಿಯಾಗುತ್ತ ಹೋಯಿತು. ಇತ್ತ ನನಗೆ ಫೋನು ಎತ್ತುವುದೇ ಭಯವಾಯಿತು. ಯಾರೋ ಮೇಷ್ಟ್ರನ್ನು ಇಲವಾಲದ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದಾಗ ನೋಡಿದರಂತೆ, ನಿಜವೇ ಎಂದು ಮಹದೇವ ಕೇಳಿದ. ಅವರ ತಮ್ಮನಿರಬೇಕು ಎಂದೆ. ತಮ್ಮನಿಗೂ ಕುತ್ತಿಗೆಯಲ್ಲಿ ಸೀಟಿ ಇತ್ತಂತಲ್ಲ ಎಂದ. ವಂಶಪಾರಂಪರ್ಯ ಎಂದೆ. ವಿಷಯ ಬಯಲಾದರೆ ರೋಲರ್ ಬಂದ ದಾರಿಯಲ್ಲೇ ಹಿಂದಿರುಗುತ್ತದೆಂಬುದು ನನಗೆ ಗೊತ್ತಿತ್ತು. ಜೊತೆಗೆ ಅಂಥ ಸುಂದರ ಶ್ರದ್ಧಾಂಜಲಿ ದಂಡವಾಗುತ್ತದಲ್ಲಾ ಎಂಬ ಸಣ್ಣ ನೋವೂ ಇತ್ತು.

ನಾಮಕರಣದ ದಿನ ಕಪ್ಪಗೆ ಮಿರುಗುವ ರಸ್ತೆಯಲ್ಲಿ ಶಾಮಿಯಾನ ಹಾಕಿದ್ದರು. ಮೇಜಿನ ಮೇಲೆ ಮೇಷ್ಟ್ರ ಫೋಟೊ, ಪಕ್ಕದಲ್ಲಿ ದಪ್ಪ ಹಾರ. ಶಾಸಕರು ಪರದೆ ಸರಿಸಿ ‘ದಿವಂಗತ ಪುಟ್ಟಸ್ವಾಮಿಗೌಡ ರಸ್ತೆ’ ಎಂಬ ಫಲಕವನ್ನು ಅನಾವರಣ ಮಾಡಿ, ಹಾರ ಕೈಗೆತ್ತಿಕೊಳ್ಳುವ ಹೊತ್ತಿಗೆ ಹಿಂದಿನಿಂದ ಸೀಟಿ ಊದಿದ ಸದ್ದು ಕೇಳಿಸಿತು. ಬಿಳಿ ಪ್ಯಾಂಟು ತೊಟ್ಟ ದಿವಂಗತರು ಹೊಸ ಡಾಂಬರಿನ ಮೇಲೆ ಮಾರ್ಚ್ ಮಾಡುತ್ತ ಬಂದು ಶಾಸಕರ ಎದುರು ಅಟೆನ್ಷನ್‌ನಲ್ಲಿ ನಿಂತರು. ಮಹದೇವ ಬೆವೆತ. ನಾನು ಶಾಮಿಯಾನದ ಕಂಬದ ಹಿಂದೆ ಸರಿದೆ. ಆದರೆ ಶಾಸಕರೆಂದರೆ ಸುಮ್ಮನೆಯೇ? ಅವರು ಕಣ್ಣು ಕೂಡ ಮಿಟುಕಿಸಲಿಲ್ಲ. ಫೋಟೊಗೆಂದು ಎತ್ತಿದ ಹಾರವನ್ನು ಮೇಷ್ಟ್ರ ಕೊರಳಿಗೇ ಹಾಕಿ, ಮೈಕಿನಲ್ಲಿ, “ಹಿರಿಯರನ್ನು ಬದುಕಿರುವಾಗಲೇ ಗೌರವಿಸಬೇಕು ಅನ್ನೋದು ನಮ್ಮ ನೀತಿ” ಎಂದರು. ಜನ ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ‘ದಿವಂಗತ’ದ ಮೇಲೆ ಬಣ್ಣ ಬಳಿಯಲಾಯಿತು, ಬಿಸಿಲಿಗೆ ಅದು ಈಗಲೂ ಮಸುಕಾಗಿ ಇಣುಕುತ್ತದೆ. ಮೇಷ್ಟ್ರಿಗೆ ಬೇಸರವಿಲ್ಲ. ಮುಂದೆ ಹೇಗೂ ಬೇಕಾಗುತ್ತಲ್ಲ, ಇರಲಿ ಬುಡಿ ಅನ್ನುತ್ತಾರೆ.

ಆ ಹೊಸ ನೀತಿಯನ್ನು ಒಳಪುಟಕ್ಕೆ ಬರೆಯುತ್ತ ಮೊನ್ನೆ ವರಾಂಡದಲ್ಲಿ ಕೂತಿದ್ದೆ. ಡಾಂಬರು ಮೇಷ್ಟ್ರ ರಸ್ತೆಯ ತಿರುವಿಗೇ ನಿಂತುಹೋಗಿದೆ. ನಮ್ಮ ಮನೆಯ ಮುಂದಿನ ಹೊಂಡ ಹಾಗೇ ಇದೆ. ಸರೋಜ ಕಾಫಿ ತಂದಿಟ್ಟು, ಹೊಂಡವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ನನ್ನನ್ನೇ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

“ಏನ್ರೀ, ಈ ಸಲ ಮೊದಲ ಪುಟದಲ್ಲಿ ಜಾಗ ಇದ್ಯಾ?” ಎಂದಳು.

ಇದೆ ಎಂದೆ. ಆಗಿನಿಂದ ನನ್ನದೊಂದು ಲಕ್ಷಣವಾದ ಫೋಟೊ ಹುಡುಕುತ್ತಿದ್ದೇನೆ. ಶ್ರದ್ಧಾಂಜಲಿಯನ್ನಂತೂ ನಾನೇ ಬರೆದುಕೊಳ್ಳಬೇಕು. ನನ್ನ ಬಗ್ಗೆ ಅಷ್ಟು ಚೆನ್ನಾಗಿ ಬರೆಯುವವರು ಈ ಕ್ಷೇತ್ರದಲ್ಲಿ ಬೇರೆ ಯಾರಿದ್ದಾರೆ?